ಬಿದಿಗೆ-ತದಿಗೆಯ ಕಡಲು, ಬೆಳ್ಳಟ್ಟಿಯ ಮಕ್ಕಳು

ಡಿಸೆಂಬರ್ ಬಂತೆಂದರೆ ಗದಗ ಜಿಲ್ಲೆಯ ಹೈಸ್ಕೂಲುಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಶಿರಹಟ್ಟಿ ತಾಲೂಕಿನ ಬೆಳ್ಳಟ್ಟಿಯಂಥ ಊರಿನಿಂದ ಕರಾವಳಿಗೆ ಹೊರಡುವ ಬಸ್ಸಿನ ದಾರಿ ಎಲ್ಲರಿಗೂ ಗೊತ್ತಿರುವುದೇ. ಲಕ್ಷ್ಮೇಶ್ವರ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರೆಬೈಲು ಘಟ್ಟ ಇಳಿದರೆ ಅಂಕೋಲಾ. ಅಲ್ಲಿಂದ ಬಲಕ್ಕೆ ಹೊರಳಿದರೆ ಕಾರವಾರ, ಎಡಕ್ಕೆ ಹೊರಳಿದರೆ ಗೋಕರ್ಣ, ಇಡಗುಂಜಿ, ಮುರುಡೇಶ್ವರ. ಹೆಚ್ಚುಕಡಿಮೆ ಇನ್ನೂರೈವತ್ತು ಕಿಲೋಮೀಟರ್ ದಾರಿ. ರಾತ್ರಿ ಹೊರಟ ಬಸ್ಸು ಬೆಳಿಗ್ಗೆ ಮುಟ್ಟುತ್ತದೆ. ಮುಖ ತೊಳೆದು, ಉಪ್ಪಿಟ್ಟು ತಿಂದು, ಯುದ್ಧನೌಕೆಯ ಮ್ಯೂಸಿಯಂ ನೋಡಿ ಮಕ್ಕಳು ಬೀಚಿಗೆ ಇಳಿಯುವ ಹೊತ್ತಿಗೆ ಗಂಟೆ ಹನ್ನೊಂದಾಗಿರುತ್ತದೆ. ಒಂದು ತಾಸು ನೀರಾಟ, ಒಂದಿಷ್ಟು ಫೋಟೊ, ಒಂದು ಪೊಟ್ಟಣ ಕಪ್ಪೆಚಿಪ್ಪು. ಊರಿಗೆ ಬಂದ ಮೇಲೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು: ‘ಸಮುದ್ರವು ಬಹಳ ವಿಶಾಲವಾಗಿತ್ತು.’

ಪ್ರವಾಸದ ಕಡತದ ಮೇಲೆ ಮಾತ್ರ ‘ಶೈಕ್ಷಣಿಕ’ ಎಂಬ ಪದ ಇರುತ್ತದೆ. ಇದಕ್ಕೆ ಮೇಷ್ಟ್ರುಗಳ ಮೇಲೆ ತಪ್ಪು ಹೊರಿಸಿ ಫಲವಿಲ್ಲ. ನಲವತ್ತು-ಐವತ್ತು ಮಕ್ಕಳನ್ನು ಎಣಿಸಿ ಬಸ್ಸಿಗೆ ಹತ್ತಿಸಿ, ಎಣಿಸಿ ಇಳಿಸುವುದರಲ್ಲೇ ಅವರು ಹೈರಾಣಾಗಿರುತ್ತಾರೆ. ಆದರೆ ಅದೇ ಖರ್ಚು, ಅದೇ ಬಸ್ಸು, ಅದೇ ಎರಡು ದಿನದಲ್ಲಿ ಒಂಬತ್ತನೇ ತರಗತಿಯ ಜೀವವಿಜ್ಞಾನದ ಒಂದು ಇಡೀ ಪಾಠವನ್ನು ಕಣ್ಣೆದುರು ತೆರೆದು ತೋರಿಸಬಹುದು. ಅದಕ್ಕೆ ಬೇಕಾದದ್ದು ಹೊತ್ತು-ಜಾಗಗಳ ಸರಿಯಾದ ಆಯ್ಕೆ, ಮತ್ತು ಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗ.

ಪಂಚಾಂಗ ಯಾಕೆ?

ಕಡಲಿನ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಉಬ್ಬರದಿಂದ ಇಳಿತಕ್ಕೆ ಸುಮಾರು ಆರೂಕಾಲು ತಾಸು. ಚಂದ್ರ ದಿನಕ್ಕೆ ಐವತ್ತು ನಿಮಿಷದಷ್ಟು ತಡವಾಗಿ ಹುಟ್ಟುವುದರಿಂದ ಉಬ್ಬರ-ಇಳಿತಗಳೂ ದಿನದಿನಕ್ಕೆ ಅಷ್ಟೇ ತಡವಾಗುತ್ತ ಹೋಗುತ್ತವೆ. ಅಮಾವಾಸ್ಯೆ ಮತ್ತು ಹುಣ್ಣಿಮೆಗೆ ಸೂರ್ಯ-ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡಿಕೊಳ್ಳುತ್ತದೆ. ಆಗ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು. ಅಷ್ಟಮಿ-ನವಮಿಯ ಹೊತ್ತಿಗೆ ಎರಡೂ ಸಪ್ಪಗಾಗುತ್ತವೆ. ಕಡಲು ಚಂದ್ರನ ಆಜ್ಞೆಗೆ ಒಂದೆರಡು ದಿನ ತಡವಾಗಿ ಓಗೊಡುವುದರಿಂದ ಅತಿ ದೊಡ್ಡ ಇಳಿತ ಸಾಮಾನ್ಯವಾಗಿ ಬಿದಿಗೆ-ತದಿಗೆಗೆ ಬೀಳುತ್ತದೆ.

ಕಾರವಾರದ ಆಸುಪಾಸಿನಲ್ಲಿ ಅಮಾವಾಸ್ಯೆ-ಹುಣ್ಣಿಮೆಯ ದೊಡ್ಡ ಇಳಿತಗಳು ಬರುವುದು ನಸುಕಿನಲ್ಲಿ ಮತ್ತು ಸಂಜೆ. ಅಂದರೆ ಬಸ್ಸು ಬಂದು ಮಕ್ಕಳು ದಂಡೆಗೆ ಇಳಿಯುವ ಹನ್ನೊಂದರ ಹೊತ್ತಿಗೆ ನೀರು ತುಂಬಿ ನಿಂತಿರುತ್ತದೆ. ನೋಡಬೇಕಾದ ಜೀವಿಗಳೆಲ್ಲ ಅದರಡಿ ಮುಚ್ಚಿಹೋಗಿರುತ್ತವೆ. ಮಗು ನೀರನ್ನಷ್ಟೇ ನೋಡುತ್ತದೆ, ಯಾಕೆಂದರೆ ಆ ಹೊತ್ತಿಗೆ ಅಲ್ಲಿ ಕಾಣುವುದು ನೀರು ಮಾತ್ರ. ಅದೇ ಬಿದಿಗೆ ಅಥವಾ ತದಿಗೆಯ ಬೆಳಿಗ್ಗೆ ಆರು-ಏಳರ ಹೊತ್ತಿಗೆ ಬಂಡೆಗಳ ಮೇಲೆ ನಿಂತರೆ ಕಡಲು ಹಿಂದೆ ಸರಿದು, ತಾನು ಮುಚ್ಚಿಟ್ಟಿದ್ದನ್ನು ಎರಡು ತಾಸು ತೆರೆದಿಟ್ಟಿರುತ್ತದೆ. ಇದು ಅಂದಾಜಿನ ಲೆಕ್ಕ. ದಿನದ ಎರಡು ಇಳಿತಗಳೂ ಒಂದೇ ಮಟ್ಟದವಲ್ಲ. ಖಚಿತ ಸಮಯ ಬೇಕಾದವರಿಗೆ ಸರ್ವೇ ಆಫ್ ಇಂಡಿಯಾ ಪ್ರತಿ ವರ್ಷ ಉಬ್ಬರವಿಳಿತದ ಕೋಷ್ಟಕ ಪ್ರಕಟಿಸುತ್ತದೆ, ಮೊಬೈಲಿನಲ್ಲೂ ಸಿಗುತ್ತದೆ. ಪ್ರವಾಸದ ತಾರೀಖು ಗೊತ್ತುಮಾಡುವಾಗ ಮೊದಲು ಅದನ್ನು ನೋಡಬೇಕು, ಬಸ್ಸಿನ ಬುಕಿಂಗ್ ಆಮೇಲೆ.

ನಮ್ಮ ಕರಾವಳಿಯಲ್ಲಿ ನೀರು ಏರಿಳಿಯುವುದು ಹೆಚ್ಚೆಂದರೆ ಎರಡು ಮೀಟರಿನ ಆಸುಪಾಸು. ಗುಜರಾತಿನ ಭಾವನಗರದಲ್ಲಿ ಇದು ಹತ್ತು ಮೀಟರ್ ಮೀರುತ್ತದೆ. ಎರಡು ಮೀಟರ್ ಎಂದರೆ ಒಂದಾಳೆತ್ತರಕ್ಕಿಂತ ತುಸು ಹೆಚ್ಚು. ಆದರೆ ದಂಡೆಯ ಇಳಿಜಾರು ಸಣ್ಣದಿದ್ದರೆ ಅಷ್ಟಕ್ಕೇ ಹತ್ತಾರು ಮೀಟರ್ ಅಗಲದ ಪಟ್ಟಿ ಬಯಲಾಗುತ್ತದೆ. ಪಾಠ ನಡೆಯಬೇಕಾದದ್ದು ಆ ಪಟ್ಟಿಯಲ್ಲಿ.

ಬಂಡೆಯ ಮೇಲಿನ ಪಟ್ಟಿಗಳು

ಜಾಗದ ಮಾತಿಗೆ ಬರೋಣ. ಮರಳಿನ ಬೀಚು ಆಟಕ್ಕೆ ಚೆಂದ. ಜೀವಿಗಳ ಪಾಠಕ್ಕೆ ಬಂಡೆಯ ದಂಡೆಯೇ ಬೇಕು. ಮರಳು ಅಲೆಯೊಂದಿಗೆ ಸದಾ ಸರಿದಾಡುತ್ತಿರುತ್ತದೆ, ಅದರ ಮೇಲೆ ಯಾರೂ ಮನೆ ಕಟ್ಟಲಾರರು. ಬಂಡೆ ಅಲುಗುವುದಿಲ್ಲ. ಗೋಕರ್ಣದ ಓಂ ಬೀಚಿನಲ್ಲಿ ಎರಡು ಕೊಲ್ಲಿಗಳ ನಡುವೆ ಚಾಚಿಕೊಂಡ ಬಂಡೆಗಳಿವೆ. ಕಾರವಾರದ ಸುತ್ತಮುತ್ತಲೂ ಗುಡ್ಡ ನೇರ ಕಡಲಿಗೆ ಇಳಿದ ಕಡೆಗಳಿವೆ.

ಇಳಿತದ ಹೊತ್ತಿನಲ್ಲಿ ಇಂಥ ಬಂಡೆಯನ್ನು ತುಸು ದೂರದಿಂದ ನೋಡಿದರೆ ಅಡ್ಡ ಪಟ್ಟಿಗಳು ಕಾಣುತ್ತವೆ. ಎಲ್ಲಕ್ಕಿಂತ ಮೇಲೆ, ಅಲೆಯ ಸಿಂಚನ ಮಾತ್ರ ತಾಗುವಲ್ಲಿ, ಕಡಲೆಕಾಳಿನಷ್ಟು ಪುಟ್ಟ ಶಂಖುಗಳು ಬಂಡೆಯ ಬಿರುಕಿಗೆ ಅಂಟಿಕೊಂಡಿರುತ್ತವೆ. ಅದರ ಕೆಳಗೆ ಬೂದಿ ಬಣ್ಣದ, ಕೈ ತರಚುವಷ್ಟು ಒರಟಾದ ಬಾರ್ನಕಲ್‌ಗಳ ಪಟ್ಟಿ. ಅದರ ಕೆಳಗೆ ಬಂಡೆಗೇ ಬೆಸೆದುಕೊಂಡ ಸಿಂಪಿಗಳು. ಇನ್ನೂ ಕೆಳಗೆ ಹಸಿರು-ಕಂದು ಪಾಚಿ, ಕಡಲ ಹೂವು, ಬಂಡೆಯ ಹೊಂಡದಲ್ಲಿ ಉಳಿದ ನೀರಿನಲ್ಲಿ ಪುಟ್ಟ ಮೀನು, ಸಿಗಡಿ, ಖಾಲಿ ಶಂಖು ಹೊತ್ತು ತಿರುಗುವ ಸನ್ಯಾಸಿ ಏಡಿ.

ಬಾರ್ನಕಲ್ ಹತ್ತಿರ ಮಂಡಿಯೂರಿ ಕೂತು ನೋಡುವಂಥದ್ದು. ಮೇಲ್ನೋಟಕ್ಕೆ ಅದು ಕಲ್ಲಿಗೆ ಮೆತ್ತಿದ ಸುಣ್ಣದ ಪುಟ್ಟ ಗೋಪುರ. ಮೃದ್ವಂಗಿ ಇರಬೇಕೆಂದು ಯಾರಾದರೂ ಅಂದುಕೊಳ್ಳುತ್ತಾರೆ, ವಿಜ್ಞಾನಿಗಳೂ ಬಹಳ ಕಾಲ ಹಾಗೇ ಅಂದುಕೊಂಡಿದ್ದರು. ಇಳಿತದಲ್ಲಿ ಗೋಪುರದ ತುದಿಯ ಬಾಗಿಲು ಬಿಗಿಯಾಗಿ ಮುಚ್ಚಿರುತ್ತದೆ. ಬಂಡೆಯ ಹೊಂಡದಲ್ಲಿ ಮುಳುಗಿರುವ ಒಂದನ್ನು ಹುಡುಕಿ, ನೆರಳು ಬೀಳಿಸದೆ, ಕೈಮಸೂರ ಹಿಡಿದು ಕೊಂಚ ಹೊತ್ತು ಕಾಯಬೇಕು. ಬಾಗಿಲು ತೆರೆಯುತ್ತದೆ, ಒಳಗಿನಿಂದ ಗರಿಯಂಥ ಕೈಗಳ ಗೊಂಚಲು ಹೊರಚಾಚಿ, ನೀರನ್ನು ಬಾಚಿಕೊಂಡು ಒಳಗೆ ಸೇರುತ್ತದೆ. ಮತ್ತೆ ಹೊರಗೆ, ಮತ್ತೆ ಒಳಗೆ. ಅವು ಕೈಗಳಲ್ಲ, ಕಾಲುಗಳು! ಬಾರ್ನಕಲ್ ಎಂಬುದು ಏಡಿ-ಸಿಗಡಿಗಳ ಬಳಗದ ಸಂಧಿಪದಿ. ಮರಿಯಿದ್ದಾಗ ನೀರಿನಲ್ಲಿ ಈಜಾಡಿಕೊಂಡಿದ್ದು, ಬೆಳೆದ ಮೇಲೆ ತಲೆಯನ್ನೇ ಬಂಡೆಗೆ ಅಂಟಿಸಿಕೊಂಡು, ಸುತ್ತ ಗೋಡೆ ಕಟ್ಟಿ, ಉಳಿದ ಆಯುಷ್ಯವಿಡೀ ಕಾಲಿನಿಂದ ಊಟವನ್ನು ಬಾಯಿಗೆ ಒದ್ದುಕೊಳ್ಳುತ್ತದೆ. ಚಾರ್ಲ್ಸ್ ಡಾರ್ವಿನ್ ತನ್ನ ವಿಕಾಸವಾದದ ಪುಸ್ತಕವನ್ನು ಬದಿಗಿಟ್ಟು 1846ರಿಂದ ಎಂಟು ವರ್ಷ ಇವುಗಳನ್ನೇ ಕೊಯ್ದು ನೋಡುತ್ತ ಕೂತಿದ್ದ.

ಈಗ ಕೇಳಬೇಕಾದ ಪ್ರಶ್ನೆ: ಈ ಪಟ್ಟಿಗಳು ಯಾಕೆ? ಬಾರ್ನಕಲ್ ತುಸು ಕೆಳಗೆ ಇಳಿದಿದ್ದರೆ ಹೆಚ್ಚು ಹೊತ್ತು ನೀರು, ಹೆಚ್ಚು ಊಟ ಸಿಗುತ್ತಿತ್ತಲ್ಲ, ಬಿಸಿಲಿನಲ್ಲಿ ಯಾಕೆ ಒಣಗುತ್ತದೆ? ಸ್ಕಾಟ್ಲೆಂಡಿನ ಕಂಬ್ರೇ ದ್ವೀಪದ ದಂಡೆಯಲ್ಲಿ ಜೋಸೆಫ್ ಕಾನೆಲ್ ಎಂಬ ಪರಿಸರ ವಿಜ್ಞಾನಿ ಇದೇ ಪ್ರಶ್ನೆ ಕೇಳಿಕೊಂಡರು. ಅಲ್ಲಿ ಎರಡು ಜಾತಿಯ ಬಾರ್ನಕಲ್‌ಗಳಿದ್ದವು, ಒಂದು ಮೇಲಿನ ಪಟ್ಟಿಯಲ್ಲಿ, ಇನ್ನೊಂದು ಕೆಳಗಿನ ಪಟ್ಟಿಯಲ್ಲಿ. ಕಾನೆಲ್ ಕೆಳಗಿನ ಜಾತಿಯನ್ನು ಕೆಲವು ಕಡೆ ಕಿತ್ತು ತೆಗೆದು ನೋಡಿದರು. ಮೇಲಿನದು ಕೆಳಗೂ ಸೊಂಪಾಗಿ ಬೆಳೆಯಿತು. ಅಂದರೆ ಅದಕ್ಕೆ ಕೆಳಗೆ ಬದುಕಲು ಬರುವುದಿಲ್ಲ ಎಂದಲ್ಲ, ಬಿಡುವುದಿಲ್ಲ. ವಾರದ ಸಂತೆಯಲ್ಲಿ ಜೋರಿದ್ದವರು ದಾರಿಬದಿಯ ಜಾಗ ಹಿಡಿದರೆ ಬಡಪಾಯಿ ಬಿಸಿಲಿನ ಮೂಲೆಗೆ ಸರಿಯುವಂತೆ, ಬೇಗ ಬೆಳೆಯುವ ಜಾತಿ ನಿಧಾನದ ಜಾತಿಯನ್ನು ಮೇಲಕ್ಕೆ ತಳ್ಳಿತ್ತು. ತಳ್ಳಿದ ಜಾತಿ ತಾನು ಮೇಲಕ್ಕೆ ಹೋಗಲಾರದು, ಅಷ್ಟು ಒಣಗುವ ತಾಕತ್ತು ಅದಕ್ಕಿಲ್ಲ. ದಂಡೆಯ ಜೀವಿಗಳ ಮೇಲಿನ ಎಲ್ಲೆಯನ್ನು ಬಹುಮಟ್ಟಿಗೆ ಬಿಸಿಲು-ಒಣಗು ಗೊತ್ತುಮಾಡುತ್ತದೆ, ಕೆಳಗಿನ ಎಲ್ಲೆಯನ್ನು ಪೈಪೋಟಿ ಮತ್ತು ಬೇಟೆ ಗೊತ್ತುಮಾಡುತ್ತವೆ. 1961ರಲ್ಲಿ ಪ್ರಕಟವಾದ ಈ ಪ್ರಯೋಗ ಇಂದಿಗೂ ಕಾಲೇಜಿನ ಪಠ್ಯಗಳಲ್ಲಿದೆ.

ಐದು ವರ್ಷ ಕಳೆದು, 1966ರಲ್ಲಿ, ರಾಬರ್ಟ್ ಪೇನ್ ಇನ್ನೊಂದು ಪ್ರಯೋಗದ ಫಲಿತಾಂಶ ಮುಂದಿಟ್ಟರು. ಅಮೆರಿಕದ ಪಶ್ಚಿಮ ಕರಾವಳಿಯ ಬಂಡೆಯೊಂದರಿಂದ ನಕ್ಷತ್ರಮೀನುಗಳನ್ನು ಹೆಕ್ಕಿ ಹೆಕ್ಕಿ ದೂರ ಎಸೆಯುತ್ತ ಹೋದರು. ಬೇಟೆಗಾರ ಹೋದ ಮೇಲೆ ಉಳಿದವರು ನೆಮ್ಮದಿಯಾಗಿರಬೇಕಿತ್ತು. ಆದದ್ದು ಬೇರೆ. ನಕ್ಷತ್ರಮೀನಿನ ಮುಖ್ಯ ಊಟವಾಗಿದ್ದ ಚಿಪ್ಪುಜೀವಿ ಅಂಕೆಯಿಲ್ಲದೆ ಬೆಳೆದು ಬಂಡೆಯನ್ನೆಲ್ಲ ಆಕ್ರಮಿಸಿತು, ಹದಿನೈದಿದ್ದ ಜಾತಿಗಳು ಎಂಟಕ್ಕಿಳಿದವು. ಒಂದು ಬೇಟೆಗಾರ ಜೀವಿ ಹಲವು ಜೀವಿಗಳ ಬಾಳ್ವೆಗೆ ಆಧಾರವಾಗಿರಬಹುದೆಂಬ ತಿಳಿವಳಿಕೆ ಬಂದದ್ದು ಹೀಗೆ ಒಂದು ದಂಡೆಯ ಬಂಡೆಯಿಂದ. ಹುಲಿ-ತೋಳಗಳ ಬಗ್ಗೆ ನಾವು ಇವತ್ತು ಆಡುವ ಮಾತಿನ ಬೇರು ಅಲ್ಲಿದೆ. ಗಮನಿಸಬೇಕಾದದ್ದೆಂದರೆ, ಈ ಇಬ್ಬರ ಪ್ರಯೋಗಕ್ಕೂ ದೊಡ್ಡ ಯಂತ್ರ ಬೇಕಾಗಲಿಲ್ಲ. ಬಂಡೆ, ಕಣ್ಣು, ಲೆಕ್ಕದ ಪುಸ್ತಕ, ತಾಳ್ಮೆ ಇಷ್ಟೇ ಸಾಕಾಯಿತು.

ಬೆಳ್ಳಟ್ಟಿಯಲ್ಲಿ ಸಿಗದ ವಂಶ

‘ಸರ್, ಇದನ್ನೆಲ್ಲಾ ಬುಕ್ಕಿನ್ಯಾಗ ನೋಡೇವ್ರಲ್ಲ, ಮತ್ತ್ಯಾಕ ಹೋಗ್ಬೇಕ್ರಿ?’ ಎಂದು ಹುಡುಗನೊಬ್ಬ ಕೇಳಿದರೆ ಕೊಡಲು ಗಟ್ಟಿ ಉತ್ತರವಿದೆ.

ಪ್ರಾಣಿಗಳ ವರ್ಗೀಕರಣದಲ್ಲಿ ಬರುವ ಬಹುತೇಕ ವಂಶಗಳ ಪ್ರತಿನಿಧಿಗಳನ್ನು ಬೆಳ್ಳಟ್ಟಿಯಲ್ಲೇ ಹುಡುಕಬಹುದು. ಎರೆ ಹೊಲದಲ್ಲಿ ಎರೆಹುಳು ಇದೆ, ಅದು ವಲಯವಂತ. ಹಳ್ಳದ ಏಡಿ ಸಂಧಿಪದಿ. ಮಳೆಗಾಲದ ಬಸವನಹುಳು ಮೃದ್ವಂಗಿ. ಸಿಹಿನೀರಿನಲ್ಲಿ ಹೈಡ್ರಾ ಉಂಟು, ಸ್ಪಂಜು ಕೂಡ ಉಂಟು. ಆದರೆ ಒಂದು ದೊಡ್ಡ ವಂಶ ಮಾತ್ರ ನೆಲದ ಮೇಲೂ ಇಲ್ಲ, ಸಿಹಿನೀರಿನಲ್ಲೂ ಇಲ್ಲ. ಅದು ಕಂಟಕಚರ್ಮಿಗಳದು: ನಕ್ಷತ್ರಮೀನು, ಕಡಲಮುಳ್ಳಿ, ಕಡಲ ಸೌತೆ. ತುಂಗಭದ್ರೆಯನ್ನು ಇಡೀ ಜಾಲಾಡಿದರೂ ಒಂದೇ ಒಂದು ಸಿಗುವುದಿಲ್ಲ. ಇದಕ್ಕೆ ಕಾರಣ ಅವುಗಳ ಒಳಗಿನ ವ್ಯವಸ್ಥೆ. ನಕ್ಷತ್ರಮೀನಿಗೆ ನಮ್ಮಂತೆ ರಕ್ತ ತಳ್ಳುವ ಹೃದಯವಿಲ್ಲ. ಕಡಲಿನ ನೀರನ್ನೇ ಒಳಗೆ ತೆಗೆದುಕೊಂಡು, ಕೊಳವೆಗಳಲ್ಲಿ ಹರಿಸಿ, ಆ ಒತ್ತಡದಿಂದ ನೂರಾರು ಪುಟ್ಟ ಕೊಳವೆಗಾಲುಗಳನ್ನು ಚಾಚಿ-ಸೆಳೆದು ಅದು ನಡೆಯುತ್ತದೆ. ಮೈಯೊಳಗಿನ ದ್ರವದ ಉಪ್ಪು ಹೊರಗಿನ ಕಡಲಿನಷ್ಟೇ. ಉಪ್ಪನ್ನು ಹಿಡಿದಿಡುವ, ಹೆಚ್ಚಿನ ನೀರನ್ನು ಹೊರಹಾಕುವ ಮೂತ್ರಪಿಂಡದಂಥ ಅಂಗ ಅದಕ್ಕಿಲ್ಲ. ಸಿಹಿನೀರಿಗೆ ಹಾಕಿದರೆ ಜೀವಕೋಶಗಳು ನೀರು ಕುಡಿದು ಉಬ್ಬಿ ಸಾಯುತ್ತವೆ. ಐವತ್ತು ಕೋಟಿ ವರ್ಷಕ್ಕೂ ಹಳೆಯ ಈ ವಂಶ ಕಡಲಿನ ಹೊಸ್ತಿಲು ದಾಟಲೇ ಇಲ್ಲ. ಬೆಳ್ಳಟ್ಟಿಯ ಮಗು ಅದನ್ನು ಜೀವಂತವಾಗಿ ನೋಡಬೇಕೆಂದರೆ ಘಟ್ಟ ಇಳಿಯುವುದೇ ದಾರಿ.

ಉಪ್ಪಿನ ಮಾತು ಬಂತು. ಕಡಲಿಗೆ ಇಳಿದ ಪ್ರತಿ ಮಗುವೂ ಮೊದಲು ಮಾಡುವುದು ಬೆರಳದ್ದಿ ನಾಲಿಗೆಗೆ ಇಟ್ಟುಕೊಳ್ಳುವುದು. ಆ ಕುತೂಹಲವನ್ನು ಪ್ರಯೋಗವಾಗಿಸುವುದು ಸುಲಭ. ಒಂದು ಲೀಟರ್ ಕಡಲ ನೀರನ್ನು ಬಾಟಲಿಯಲ್ಲಿ ಊರಿಗೆ ತಂದು, ಅಗಲ ತಟ್ಟೆಯಲ್ಲಿ ಬಿಸಿಲಿಗಿಟ್ಟು, ಉಳಿದ ಉಪ್ಪನ್ನು ತೂಗಿದರೆ ಸುಮಾರು ಮೂವತ್ತೈದು ಗ್ರಾಂ ಬರುತ್ತದೆ. ನೀರನ್ನು ನದಿಯ ಮುಖದಲ್ಲಿ ತುಂಬಿಸಿಕೊಂಡಿದ್ದರೆ ಕಡಿಮೆ. ಎರಡು ಕಡೆಯ ನೀರು ತಂದು ಹೋಲಿಸಿದರೆ ಅಳಿವೆ ಎಂದರೇನೆಂದು ಯಾರೂ ವಿವರಿಸಬೇಕಿಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳಲ್ಲಿ ಇದೇ ಪ್ರಯೋಗ ದೊಡ್ಡದಾಗಿ ನಡೆಯುತ್ತದೆ, ಬೇಸಿಗೆ ಪ್ರವಾಸವಾದರೆ ಅದನ್ನೂ ನೋಡಬಹುದು.

ಕಾಂಡ್ಲಾ ಎಲೆಯ ಉಪ್ಪು, ಕೆಸರಿನ ಚಿಪ್ಪು

ಗದಗ ಸೀಮೆಯವರಿಗೆ ಸವಳು ಭೂಮಿ ಹೊಸದಲ್ಲ. ನೀರಾವರಿಯ ಅತಿಯಿಂದ ಉಪ್ಪು ಮೇಲೆದ್ದ ಹೊಲದಲ್ಲಿ ಏನು ಬಿತ್ತಿದರೂ ಬಾಡುತ್ತದೆ. ಬೇರಿನ ಸುತ್ತ ನೀರಿದ್ದರೂ ಗಿಡಕ್ಕೆ ಅದನ್ನು ಹೀರಲಾಗದು. ಹಾಗಿರುವಾಗ ದಿನಕ್ಕೆ ಎರಡು ಸಲ ಉಪ್ಪುನೀರಿನಲ್ಲಿ ಮುಳುಗೇಳುವ ಕಾಂಡ್ಲಾ ಗಿಡ ಹಸಿರಾಗಿ ನಿಂತಿರುವುದು ಹೇಗೆ?

ಕಾರವಾರದ ಕಾಳಿ ನದಿಯ ಮುಖದಲ್ಲೂ, ಹೊನ್ನಾವರದ ಶರಾವತಿಯ ದಂಡೆಯಲ್ಲೂ ಇದಕ್ಕೆ ಉತ್ತರವಿದೆ. ಹೊನ್ನಾವರದಲ್ಲಿ ಕಾಂಡ್ಲಾ ವನದ ನಡುವೆ ಮರದ ಹಲಗೆಯ ನಡೆದಾರಿಯಿದೆ, ಕೆಸರಿಗೆ ಇಳಿಯದೆ ನೋಡಬಹುದು. ಊರುಗೋಲಿನಂಥ ಬೇರುಗಳನ್ನು ಚಾಚಿ ನಿಂತ ಜಾತಿ ಬೇರಿನಲ್ಲೇ ಹೆಚ್ಚಿನ ಉಪ್ಪನ್ನು ಸೋಸಿ ಹೊರಗೇ ಬಿಡುತ್ತದೆ. ಕೆಸರಿನಿಂದ ಪೆನ್ಸಿಲುಗಳಂತೆ ಉಸಿರುಬೇರು ಎಬ್ಬಿಸುವ ಇನ್ನೊಂದು ಜಾತಿ ಉಪ್ಪನ್ನು ಒಳಗೆ ಬಿಟ್ಟುಕೊಂಡು ಎಲೆಯ ಗ್ರಂಥಿಗಳಿಂದ ಹೊರಹಾಕುತ್ತದೆ. ಅದರ ಎಲೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮೈಮೇಲೆ ಉಪ್ಪಿನ ಹರಳು ಮಿನುಗುತ್ತವೆ, ನಾಲಿಗೆಗೆ ತಾಗಿಸಿದರೆ ಖಾತ್ರಿಯಾಗುತ್ತದೆ. ಊರುಗೋಲು ಬೇರಿನ ಕಾಂಡ್ಲಾದ ಬೀಜ ಮರದಲ್ಲಿರುವಾಗಲೇ ಮೊಳೆತು, ಗೇಣುದ್ದದ ಕೋಲಾಗಿ ತೂಗುತ್ತದೆ. ಉಪ್ಪು ಕೆಸರಿಗೆ ಬೀಜವಾಗಿ ಬೀಳುವ ಅಪಾಯ ಬೇಡವೆಂದು ಸಸಿಯಾಗಿಯೇ ಬೀಳುತ್ತದೆ. ರೈತರ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಸಸ್ಯಶಾಸ್ತ್ರ ಬೇರೆ ಸಿಗಲಾರದು.

ಅಲ್ಲಿಂದ ಉತ್ತರಕ್ಕೆ, ಕುಮಟಾ ತಾಲೂಕಿನಲ್ಲಿ, ಅಘನಾಶಿನಿಯ ಅಳಿವೆ. ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟುವ ಈ ನದಿಗೆ ದೊಡ್ಡ ಅಣೆಕಟ್ಟೆಯ ತಡೆ ಎಲ್ಲೂ ಇಲ್ಲ. ಘಟ್ಟದ ಕಾಡಿನ ಸತ್ವ ನೇರ ಅಳಿವೆಗೆ ಬಂದು ಸೇರುತ್ತದೆ. ಇಳಿತದ ಹೊತ್ತಿನಲ್ಲಿ ಇಲ್ಲಿ ಊರಿನ ಹೆಂಗಸರು-ಗಂಡಸರು ಬುಟ್ಟಿ ಹಿಡಿದು ನೀರಿಗೆ ಇಳಿಯುತ್ತಾರೆ. ಮೊಣಕಾಲು, ಸೊಂಟದ ನೀರಿನಲ್ಲಿ ಪಾದದಿಂದಲೇ ಕೆಸರನ್ನು ತಡಕಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುತ್ತಾರೆ. ಕಣ್ಣಿಗೆ ಕಾಣದ್ದನ್ನು ಅಂಗಾಲು ಗುರುತಿಸುತ್ತದೆ. ಯಾವ ತಿಥಿಗೆ ಎಷ್ಟು ಹೊತ್ತಿಗೆ ನೀರು ಇಳಿಯುತ್ತದೆ, ಯಾವ ದಿಬ್ಬದಲ್ಲಿ ಮರಿಗಳಿವೆ, ಎಲ್ಲಿ ಈಗ ಕೈ ಹಾಕಬಾರದು, ಇವೆಲ್ಲ ಅವರಿಗೆ ಕರತಲಾಮಲಕ. ಪ್ರವಾಸದ ಖರ್ಚಿನಲ್ಲಿ ಒಂದು ಸಣ್ಣ ಗೌರವಧನ ತೆಗೆದಿಟ್ಟು, ಅಂಥ ಒಬ್ಬ ಹೆಣ್ಣುಮಗಳನ್ನು ಒಂದು ತಾಸು ಮಕ್ಕಳ ಗುರುವಾಗಿ ಕರೆದರೆ ಆ ಪಾಠ ಯಾವ ಪವರ್‌ಪಾಯಿಂಟಿಗೂ ಕಡಿಮೆಯಾಗದು. ಬಳಚು ಉಸಿರಾಟಕ್ಕೂ ಊಟಕ್ಕೂ ನೀರನ್ನು ಒಳಗೆಳೆದು ಸೋಸುವ ಪ್ರಾಣಿ. ಲಕ್ಷಾಂತರ ಚಿಪ್ಪುಗಳು ಸೇರಿ ಅಳಿವೆಯ ನೀರನ್ನು ಹಗಲಿರುಳು ತಿಳಿಯಾಗಿಸುತ್ತಿರುತ್ತವೆ. ಆದ್ದರಿಂದಲೇ ನೀರಿನ ವಿಷವೂ ಮೊದಲು ಸೇರುವುದು ಅವುಗಳ ಮೈಗೆ.

ಹೊರಡುವ ಮೊದಲು

ಇಷ್ಟಕ್ಕೆ ಬೇಕಾದ ಸಾಮಾನು ಬೆಳ್ಳಟ್ಟಿಯ ಕಿರಾಣಿ-ಸ್ಟೇಷನರಿ ಅಂಗಡಿಗಳ ಆಚೆ ಇಲ್ಲ. ಮೀಟರಿಗೊಂದು ಗಂಟು ಹಾಕಿದ ಹಗ್ಗ, ಅರ್ಧ ಮೀಟರ್ ಬಾಹುವಿನ ಚೌಕಟ್ಟು, ಕೈಮಸೂರ, ಬಿಳಿ ಪ್ಲಾಸ್ಟಿಕ್ ತಟ್ಟೆ, ಥರ್ಮಾಮೀಟರು, ಪೆನ್ಸಿಲ್. ಪೆನ್ನು ಬೇಡ, ಒದ್ದೆಯಾದರೆ ಬರಹ ಹರಡುತ್ತದೆ. ಬಂಡೆಯ ಮೇಲಿನಿಂದ ನೀರಿನವರೆಗೆ ಹಗ್ಗ ಚಾಚಿ, ಪ್ರತಿ ಗಂಟಿನಲ್ಲಿ ಚೌಕಟ್ಟು ಇಟ್ಟು, ಒಳಗೆ ಯಾವ ಜೀವಿ ಎಷ್ಟಿದೆಯೆಂದು ಎಣಿಸುವುದು. ಹೆಸರು ಗೊತ್ತಿರಲೇಬೇಕೆಂದಿಲ್ಲ. ‘ಬೂದಿ ಗೋಪುರ’, ‘ಕರಿ ಶಂಖು’ ಎಂದು ಮಕ್ಕಳೇ ಹೆಸರಿಟ್ಟುಕೊಂಡರೂ ಲೆಕ್ಕ ಕೆಡುವುದಿಲ್ಲ. ಊರಿಗೆ ಬಂದು ಗ್ರಾಫ್ ಹಾಳೆಯ ಮೇಲೆ ಆ ಅಂಕಿಗಳನ್ನು ಇಟ್ಟರೆ ಕಾನೆಲ್ ಕಂಡ ಪಟ್ಟಿಗಳು ತಾವಾಗಿ ಮೂಡುತ್ತವೆ. ಎಡ್ ರಿಕೆಟ್ಸ್ ಎಂಬ ಅಮೆರಿಕನ್ ಜೀವವಿಜ್ಞಾನಿ 1939ರಲ್ಲಿ ಗೆಳೆಯರೊಬ್ಬರ ಜೊತೆ ಬರೆದ ದಂಡೆಜೀವಿಗಳ ಪುಸ್ತಕದಲ್ಲಿ ಪ್ರಾಣಿಗಳನ್ನು ವಂಶವಾರು ಜೋಡಿಸದೆ, ಅವು ಸಿಗುವ ಜಾಗದ ಪ್ರಕಾರ ಜೋಡಿಸಿದ್ದ. ಮಗುವಿನ ಕಣ್ಣೂ ಹಾಗೇ ನೋಡುತ್ತದೆ.

ನಮ್ಮಲ್ಲಿ ಇದಕ್ಕೆ ಮೇಲ್ಪಂಕ್ತಿ ಇಲ್ಲವೆಂದಲ್ಲ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಬಿ.ಜಿ.ಎಲ್. ಸ್ವಾಮಿಯವರ ‘ಹಸಿರು ಹೊನ್ನು’ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು 1978ರಲ್ಲಿ. ಸಸ್ಯಶಾಸ್ತ್ರವನ್ನು ನಗುನಗುತ್ತ ಕಲಿಸಬಹುದೆಂದು ಕನ್ನಡಿಗರು ಅದರಿಂದ ಕಂಡುಕೊಂಡರು. ಇನ್ನು ಕಲಿಸುವವರ ನೆರವು ಬೇಕಿದ್ದರೆ ಕಾರವಾರದಲ್ಲೇ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವವಿಜ್ಞಾನದ ಸ್ನಾತಕೋತ್ತರ ವಿಭಾಗ ಇರುವುದು ಕಾರವಾರದ ಕೋಡಿಬಾಗದಲ್ಲಿ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಅದೇ ಊರಿನಲ್ಲಿದೆ, ಕಡಲಿನಲ್ಲಿ ಪಂಜರ ಇಳಿಸಿ ಮೀನು ಸಾಕುವ ಕೆಲಸಕ್ಕೆ ಅದು ಹೆಸರಾಗಿದೆ. ಮುಂಚೆಯೇ ಪತ್ರ ಬರೆದು ಸಮಯ ಕೇಳಿಕೊಂಡು ಹೋಗುವುದು ಲೇಸು. ಗದಗದಲ್ಲಿ ಬಿ.ಎಸ್‌ಸಿ. ಪ್ರಾಣಿಶಾಸ್ತ್ರ ಓದಿದವರು ಮುಂದೆ ಕಡಲನ್ನೇ ಓದಬಹುದೆಂಬುದು ಹೈಸ್ಕೂಲಿನಲ್ಲೇ ಕಿವಿಗೆ ಬಿದ್ದರೆ ಒಳ್ಳೆಯದು.

ಸುರಕ್ಷತೆಯ ಮಾತನ್ನು ಮೆಲುದನಿಯಲ್ಲಿ ಹೇಳುವ ಹಾಗಿಲ್ಲ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕಿ ತೀರಿಕೊಂಡರು. ಬಯಲುಸೀಮೆಯ ಮಕ್ಕಳಿಗೆ ಬಾವಿ-ಕೆರೆಯ ಈಜು ಬಂದರೂ ಕಡಲಿನ ಸೆಳವು ಗೊತ್ತಿರುವುದಿಲ್ಲ. ಅಲೆಗಳು ದಂಡೆಗೆ ತಂದು ಸುರಿದ ನೀರು ವಾಪಸು ಹೋಗಲು ಒಂದು ಕಿರಿದಾದ ಕಾಲುವೆ ಮಾಡಿಕೊಳ್ಳುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ನೋಡಲು ಶಾಂತ, ಆದ್ದರಿಂದಲೇ ಮಕ್ಕಳು ಅಲ್ಲಿಗೇ ಇಳಿಯುತ್ತಾರೆ. ಸೆಳೆತದ ಎದುರು ಈಜಿದರೆ ಪಳಗಿದವರೂ ಸೋಲುತ್ತಾರೆ. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಹೊರಬರಬಹುದು. ಶಾಲೆಯ ಮಕ್ಕಳಿಗೆ ಮಾತ್ರ ನಿಯಮ ಒಂದೇ ಇರಬೇಕು: ಈಜು ಇಲ್ಲ, ಮೊಣಕಾಲಿನ ಮೇಲೆ ನೀರಿಲ್ಲ. ಇಳಿತದ ಪಾಠದ ಇನ್ನೊಂದು ಲಾಭ ಇಲ್ಲಿದೆ. ಕಡಲು ಹಿಂದೆ ಸರಿದ ಬಂಡೆಯ ಮೇಲೆ ಕೆಲಸವಿರುವ ಮಗುವಿಗೆ ಅಲೆಗೆ ಇಳಿಯುವ ಹುಕಿ ಅಷ್ಟಾಗಿ ಬರುವುದಿಲ್ಲ. ಹಾಗಂತ ಬಂಡೆಯೂ ನಿರಪಾಯವಲ್ಲ. ಪಾಚಿ ಜಾರುತ್ತದೆ, ಬೂಟು ಬೇಕು. ನೀರು ಮರಳಿ ಏರತೊಡಗಿದ ಕೂಡಲೇ ಎಲ್ಲರೂ ಮೇಲೆ ಬರಬೇಕು, ಅದಕ್ಕೆ ಒಬ್ಬ ಶಿಕ್ಷಕರು ಗಡಿಯಾರ ಹಿಡಿದು ನಿಲ್ಲಬೇಕು. ಶಂಕುವಿನಾಕಾರದ, ಚಿತ್ತಾರದ ಜೀವಂತ ಶಂಖುಗಳನ್ನು ಕೈಯಲ್ಲಿ ಎತ್ತಬಾರದು, ಕೆಲವಕ್ಕೆ ವಿಷದ ಮುಳ್ಳಿದೆ.

ಮಗುಚಿ ನೋಡಿದ ಕಲ್ಲನ್ನು ಮೊದಲಿದ್ದಂತೆಯೇ ಮರಳಿ ಇಡಬೇಕು, ಅದರಡಿಯ ಮನೆಗಳಿಗೆ ಬಿಸಿಲು ಮರಣ. ಖಾಲಿ ಶಂಖುಗಳನ್ನು ಚೀಲ ತುಂಬಿಕೊಂಡು ಬರುವುದು ಬೇಡ, ಸನ್ಯಾಸಿ ಏಡಿಗೆ ಬೆಳೆದಂತೆಲ್ಲ ದೊಡ್ಡ ಮನೆ ಬೇಕು. ಹವಳ, ಕಡಲಕುದುರೆ, ಕಡಲ ಸೌತೆಗಳನ್ನು ಇಟ್ಟುಕೊಳ್ಳುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಂಡ ಜೀವಿ ಕಂಡಲ್ಲೇ ಇರಲಿ, ಊರಿಗೆ ಬರಬೇಕಾದದ್ದು ಲೆಕ್ಕದ ಹಾಳೆ.

ಊರಿನಲ್ಲಿರುವ ಕಡಲು

ಊರಿಗೆ ಬಂದ ಮೇಲೆ ಕಡಲಿನ ಪಾಠ ಮುಗಿಯಬೇಕಿಲ್ಲ, ಬೆಳ್ಳಟ್ಟಿಗೂ ಕಡಲಿಗೂ ಹಳೆಯ ಲೇವಾದೇವಿಯಿದೆ. ಗದಗ ಸೀಮೆಯ ಹಸಿರುಕಲ್ಲಿನ ಪಟ್ಟಿಯಲ್ಲಿ, ಕಪ್ಪತಗುಡ್ಡದ ಸಾಲಿನಲ್ಲಿ, ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ನೀರಿನ ತಳದಲ್ಲಿ ಕೂತ ಮಣ್ಣು-ಮರಳು ಗಟ್ಟಿಯಾದ ಶಿಲೆಗಳಿವೆ, ನೀರಿನಡಿ ಉಕ್ಕಿ ದಿಂಬಿನಾಕಾರಕ್ಕೆ ಹೆಪ್ಪುಗಟ್ಟಿದ ಲಾವಾ ಇದೆ. ಆಗಿನ್ನೂ ಕಡಲಿನಲ್ಲಿ ನಕ್ಷತ್ರಮೀನಿರಲಿಲ್ಲ, ಬಾರ್ನಕಲ್ ಇರಲಿಲ್ಲ, ಸೂಕ್ಷ್ಮಜೀವಿಗಳಷ್ಟೇ ಇದ್ದವು.

ಇಂದಿನ ಲೆಕ್ಕವೂ ಇದೆ. ಮಕ್ಕಳು ಪ್ರವಾಸಕ್ಕೆ ಹೋಗುವುದು ಪಶ್ಚಿಮದ ಕಡಲಿಗೆ, ಆದರೆ ಅವರ ಊರಿನ ನೀರು ಹೋಗುವುದು ಪೂರ್ವಕ್ಕೆ. ಬೆಳ್ಳಟ್ಟಿಯ ಮೇಲೆ ಬಿದ್ದ ಮಳೆ ಹಳ್ಳ ಹಿಡಿದು ತುಂಗಭದ್ರೆಗೆ, ಅಲ್ಲಿಂದ ಆಂಧ್ರದ ಸಂಗಮೇಶ್ವರದ ಬಳಿ ಕೃಷ್ಣೆಗೆ, ಕೊನೆಗೆ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿಗೆ. ಹಳ್ಳಕ್ಕೆ ಎಸೆದ ಕೀಟನಾಶಕದ ಖಾಲಿ ಡಬ್ಬಿಗೂ ಗುಟ್ಕಾ ಚೀಟಿಗೂ ಅದೇ ದಾರಿ. ಆ ಕೊಲ್ಲಿಯ ಚಿಪ್ಪುಜೀವಿ ಸೋಸುವ ನೀರಿನಲ್ಲಿ ನಮ್ಮ ಪಾಲೂ ಇದೆ.

ಇನ್ನೊಂದು ನಂಟು ತೀರ ಈಚಿನದು. 2024ರ ಜನವರಿ ಕೊನೆಗೆ ಕರ್ನಾಟಕದ ಮೂರು ಜೌಗುಪ್ರದೇಶಗಳು ಒಟ್ಟಿಗೇ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಪಟ್ಟಿ ಸೇರಿದ ಘೋಷಣೆಯಾಯಿತು. ಒಂದು ವಿಜಯನಗರ ಜಿಲ್ಲೆಯ ಅಂಕಸಮುದ್ರ. ಇನ್ನೊಂದು, ಮಕ್ಕಳು ಬಳಚು ಹೆಕ್ಕುವುದನ್ನು ನೋಡುವ ಅಘನಾಶಿನಿಯ ಅಳಿವೆ. ಮೂರನೆಯದು ಶಿರಹಟ್ಟಿ ತಾಲೂಕಿನದೇ ಆದ ಮಾಗಡಿ ಕೆರೆ. ಅಳಿವೆಯ ವಿಸ್ತಾರ ಸುಮಾರು 4,800 ಹೆಕ್ಟೇರ್, ಕೆರೆಯದು ಸುಮಾರು 50. ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಆ ಐವತ್ತು ಹೆಕ್ಟೇರನ್ನು ಹುಡುಕಿಕೊಂಡು ಬರುತ್ತವೆ, ಅದೂ ಶಾಲೆಯ ಪ್ರವಾಸದ ಋತುವಿನಲ್ಲೇ.

ಆದ್ದರಿಂದ ಕಡಲಿನ ಪ್ರವಾಸಕ್ಕೆ ಎರಡನೇ ಭಾಗವೊಂದು ಇರಲಿ. ಕಾರವಾರದಿಂದ ಬಂದ ಹದಿನೈದು ದಿನದೊಳಗೆ ಅದೇ ಹಗ್ಗ, ಅದೇ ಚೌಕಟ್ಟು, ಅದೇ ಕೈಮಸೂರ ಹಿಡಿದು ಮಾಗಡಿ ಕೆರೆಯ ಅಂಚಿಗೆ ಹೋಗಲಿ, ಹಕ್ಕಿಗಳಿಂದ ದೂರ ನಿಂತು. ಒಣ ದಡದಿಂದ ನೀರಿನವರೆಗೆ ಹಗ್ಗ ಎಳೆದು ಹುಲ್ಲು, ಶಂಖು, ಕೀಟಗಳನ್ನು ಎಣಿಸಲಿ. ಅಲ್ಲಿ ಉಬ್ಬರವಿಲ್ಲ, ಉಪ್ಪಿಲ್ಲ. ಹಾಗಿದ್ದರೆ ಪಟ್ಟಿಗಳಿವೆಯೆ? ಇದ್ದರೆ ಅವನ್ನು ಎಳೆದವರು ಯಾರು? ಈ ಪ್ರಶ್ನೆಗೆ ಪಠ್ಯಪುಸ್ತಕದ ಕೊನೆಯಲ್ಲಿ ಉತ್ತರ ಇರುವುದಿಲ್ಲ. ಎರಡೂ ಗ್ರಾಫುಗಳನ್ನು ಅಕ್ಕಪಕ್ಕ ಅಂಟಿಸಿದ ಒಂದು ಹಾಳೆ ಶಾಲೆಯ ಗೋಡೆಯ ಮೇಲಿದ್ದರೆ, ಮುಂದಿನ ವರ್ಷದ ಮಕ್ಕಳು ಬಸ್ಸು ಹತ್ತುವಾಗ ಅವರ ಕೈಯಲ್ಲಿ ಪರೀಕ್ಷಿಸಲು ಒಂದು ಊಹೆಯೂ ಇರುತ್ತದೆ. ವಿಜ್ಞಾನ ಶುರುವಾಗಲು ಅಷ್ಟು ಸಾಕು.